ಗರ್ಭಕ್ಕೆ ಕಾವಲಿದೆ, ಕೊರಳಿಗೆ ಕಲಿತ ಕೈ ಎಲ್ಲಿದೆ?

ಸ್ಕ್ಯಾನಿಂಗ್ ಎಂದೊಡನೆ ಜನಸಾಮಾನ್ಯರ ಕಣ್ಣೆದುರು ಬರುವುದು ಗರ್ಭಿಣಿಯ ಹೊಟ್ಟೆ, ಪರದೆಯ ಮೇಲೆ ಮಸುಕಾಗಿ ಮಿಸುಕಾಡುವ ಶಿಶು, ಗೋಡೆಯ ಮೇಲೆ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ' ಎಂಬ ಫಲಕ. ಸರ್ಕಾರದ ಕಣ್ಣಿಗೂ ಕಾಣುವುದು ಬಹುಮಟ್ಟಿಗೆ ಇಷ್ಟೇ. ಆದರೆ ಅದೇ ಕೊಠಡಿಯ ಹೊರಗಿನ ಬೆಂಚಿನಲ್ಲಿ ಕೊರಳಿನ ಗಂಟು ತೋರಿಸಲು ಬಂದ ಗೃಹಿಣಿ, ಸ್ತನದಲ್ಲಿ ಏನೋ ಕೈಗೆ ತಗುಲಿತೆಂದು ಗಾಬರಿಯಾದ ಯುವತಿ, ತೊಡೆಸಂದಿಯ ಕೆಳಗೆ ಬಾವು ಬಂದ ರೈತ, ನೋವಿನಿಂದ ನರಳುವ ಹದಿಹರೆಯದ ಹುಡುಗ, ಇವರೆಲ್ಲರೂ ಸರದಿಗಾಗಿ ಕಾಯುತ್ತಿರುತ್ತಾರೆ. ಇವರನ್ನು ಪರೀಕ್ಷಿಸುವ ಕೈ ಆ ವಿದ್ಯೆಯನ್ನು ಎಲ್ಲಿ ಕಲಿತಿದೆ ಎಂಬ ಪ್ರಶ್ನೆಯನ್ನು ಕಾನೂನೂ ಕೇಳಿಲ್ಲ, ಸಮಾಜವೂ ಕೇಳಿಲ್ಲ.

ಥೈರಾಯ್ಡ್, ಸ್ತನ, ವೃಷಣ, ದುಗ್ಧರಸ ಗ್ರಂಥಿ, ಜೊಲ್ಲು ಗ್ರಂಥಿ, ಸ್ನಾಯುರಜ್ಜು ಮುಂತಾಗಿ ಚರ್ಮದಿಂದ ಕೆಲವೇ ಸೆಂಟಿಮೀಟರ್ ಆಳದಲ್ಲಿರುವ ಅಂಗಗಳನ್ನು ವೈದ್ಯರು ತಮ್ಮ ಮಾತಿನಲ್ಲಿ 'ಸ್ಮಾಲ್ ಪಾರ್ಟ್ಸ್' ಎನ್ನುತ್ತಾರೆ. ಹೆಸರಿನಲ್ಲಿ ಸಣ್ಣದೆಂಬ ಮಾತಿರುವುದರಿಂದಲೋ ಏನೋ, ಇವುಗಳ ಸ್ಕ್ಯಾನಿಂಗ್ ಕಲಿಕೆಯೂ ಸಣ್ಣ ವಿಷಯವೆಂಬ ಭಾವನೆ ಬೆಳೆದುಬಂದಿದೆ. ವಾಸ್ತವ ಇದಕ್ಕೆ ತದ್ವಿರುದ್ಧ.

ಕಠಿಣ ಕಾನೂನು ಬಂದದ್ದೇಕೆ?

ಭಾರತದಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ಯಾರು ಮುಟ್ಟಬಹುದು ಎಂಬುದನ್ನು ನಿರ್ಧರಿಸುವುದು ವೈದ್ಯಕೀಯ ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಒಂದು ದಂಡಸಂಹಿತೆ. 1994ರಲ್ಲಿ ಸಂಸತ್ತು ಅಂಗೀಕರಿಸಿ 1996ರ ಜನವರಿ 1ರಿಂದ ಜಾರಿಗೆ ಬಂದ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯ್ದೆಯು 2003ರ ತಿದ್ದುಪಡಿಯ ಬಳಿಕ ಪಿಸಿಪಿಎನ್‌ಡಿಟಿ ಕಾಯ್ದೆಯೆಂದು ಹೆಸರಾಯಿತು. ಯಂತ್ರ, ಅದನ್ನು ಇಟ್ಟ ಜಾಗ, ಅದನ್ನು ಬಳಸುವ ವೈದ್ಯ, ಈ ಮೂರೂ ನೋಂದಣಿಯ ವ್ಯಾಪ್ತಿಯೊಳಗೆ ಬಂದವು. ನೋಂದಣಿಯಿಲ್ಲದವರಿಗೆ ಯಂತ್ರ ಮಾರುವುದೂ ಅಪರಾಧ. ಮೊದಲ ಬಾರಿಯ ತಪ್ಪಿಗೆ ಮೂರು ವರ್ಷಗಳವರೆಗೆ ಸೆರೆವಾಸ, 10,000 ರೂಪಾಯಿಗಳವರೆಗೆ ದಂಡ.

ಈ ಬಿಗಿ ಅನಗತ್ಯವೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರೆ, 2001ರ ಜನಗಣತಿಯ ವೇಳೆಗೆ ಆ ಸಂಖ್ಯೆ 946ಕ್ಕೆ ಕುಸಿದಿತ್ತು. 2011ರಲ್ಲಿ ಅದು ಏರಿದ್ದು 948ಕ್ಕೆ ಮಾತ್ರ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭೇದಿಸಿದ ಜಾಲವಂತೂ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ, ಬೆಲ್ಲ ಬೇಯಿಸಬೇಕಾದ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದರೆಂಬ ಆರೋಪ ಹೊರಬಿತ್ತು. ತನಿಖೆ ಸಿಐಡಿಗೆ ಹೋಯಿತು. ಕಾನೂನು ಸಡಿಲವಾಗಬೇಕೆಂಬ ವಾದ ಇಂಥ ನೆಲದಲ್ಲಿ ಬೇರೂರುವುದು ಕಷ್ಟ, ಬೇರೂರಲೂಬಾರದು.

ಆದರೆ ಗರ್ಭವನ್ನು ಕಾಯಲು ಹೊರಟ ಕಾನೂನು, ದೇಹದ ಉಳಿದ ಭಾಗಗಳ ಪಾಲಿಗೆ ಏನು ಮಾಡಿತು ಎಂಬುದು ಬೇರೆಯೇ ಪ್ರಶ್ನೆ.

ಹೆಸರಿನಲ್ಲೇ ಇರುವ ಮಿತಿ

ರೇಡಿಯಾಲಜಿಯಲ್ಲಿ ಸ್ನಾತಕೋತ್ತರ ಪದವಿ ಇಲ್ಲದ ಎಂಬಿಬಿಎಸ್ ವೈದ್ಯರು ಸ್ಕ್ಯಾನಿಂಗ್ ನಡೆಸಲು ಅರ್ಹತೆ ಪಡೆಯುವ ದಾರಿಯೊಂದನ್ನು ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಪ್ರತ್ಯೇಕ ನಿಯಮಾವಳಿಯ ಮೂಲಕ ರೂಪಿಸಿತು. ಅವಧಿ ಆರು ತಿಂಗಳು, ಒಟ್ಟು 300 ಗಂಟೆಗಳ ತರಬೇತಿ, ಕೊನೆಗೆ ಪರೀಕ್ಷೆ. ಅಲ್ಲಿಯವರೆಗೆ ಅನುಭವದ ಪ್ರಮಾಣಪತ್ರವಿದ್ದರೂ ಸಾಕಾಗುತ್ತಿದ್ದ ಪರಿಸ್ಥಿತಿಗೆ ಹೋಲಿಸಿದರೆ ಇದು ಸುಧಾರಣೆಯೇ ಸರಿ. ಆದರೆ ಆ ಶಿಕ್ಷಣಕ್ಕೆ ಇಟ್ಟ ಹೆಸರನ್ನು ಗಮನಿಸಬೇಕು: ಉದರ ಮತ್ತು ಶ್ರೋಣಿಯ ಅಲ್ಟ್ರಾಸೌಂಡ್‌ನ ಮೂಲಪಾಠಗಳು, ಎಂಬಿಬಿಎಸ್ ವೈದ್ಯರಿಗೆ ಮೊದಲ ಹಂತ. ಹೊಟ್ಟೆ ಮತ್ತು ಕಿಬ್ಬೊಟ್ಟೆಗೆ ಸಂಬಂಧಿಸಿದ ಮೊದಲ ಹಂತದ ಈ ಶಿಕ್ಷಣದಲ್ಲಿ ಕೊರಳು, ಸ್ತನ, ವೃಷಣಗಳಿಗೆ ಶೀರ್ಷಿಕೆಯಲ್ಲೂ ಜಾಗವಿಲ್ಲ.

ಈ ತರಬೇತಿ ಮುಗಿಸಿದ ವೈದ್ಯರ ಎದುರು ನಾಳೆ ಬಂದು ಮಲಗುವ ರೋಗಿ ಹೊಟ್ಟೆನೋವಿನವನೇ ಆಗಿರಬೇಕೆಂದೇನಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಇರುವ ಯಂತ್ರ ಒಂದೇ, ನೋಂದಾಯಿತ ವೈದ್ಯರೂ ಒಬ್ಬರೇ ಆಗಿದ್ದರೆ, ಕೊರಳಿನ ಗಂಟೂ ಅಲ್ಲಿಗೇ ಬರುತ್ತದೆ. ಕಾನೂನಿನ ಪ್ರಕಾರ ಅವರು ಯಂತ್ರ ಬಳಸಲು ಅರ್ಹರು. ಕೊರಳನ್ನು ಓದಲು ಕಲಿತಿದ್ದಾರೆಯೇ ಎಂಬುದು ಯಾವ ಕಡತದಲ್ಲೂ ದಾಖಲಾಗದು.

ಇದರ ಇನ್ನೊಂದು ಮುಖವೂ ಉಂಟು. ದಿನವಿಡೀ ಥೈರಾಯ್ಡ್ ರೋಗಿಗಳನ್ನೇ ನೋಡುವ ಹಾರ್ಮೋನ್ ತಜ್ಞರು, ಸ್ತನ ಶಸ್ತ್ರಚಿಕಿತ್ಸಕರು ತಮ್ಮ ಕೊಠಡಿಯಲ್ಲೇ ಒಂದು ಯಂತ್ರವಿಟ್ಟುಕೊಂಡು ಕೊರಳನ್ನೋ ಸ್ತನವನ್ನೋ ಮಾತ್ರ ಪರೀಕ್ಷಿಸಬಯಸಿದರೂ ಅವರಿಗೆ ಅನ್ವಯಿಸುವುದು ಗರ್ಭಕ್ಕಾಗಿ ಬರೆದ ಅದೇ ನೋಂದಣಿ ಪದ್ಧತಿ. 2012ರ ತಿದ್ದುಪಡಿಯಂತೆ ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಕಡೆ ಸ್ಕ್ಯಾನಿಂಗ್ ನಡೆಸುವಂತಿಲ್ಲ. ಹೊತ್ತೊಯ್ಯಬಹುದಾದ ಯಂತ್ರಗಳ ಬಳಕೆಗೂ ಕಟ್ಟುನಿಟ್ಟಿನ ಮಿತಿ ಇದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ.

ನ್ಯಾಯಾಲಯಗಳಲ್ಲೂ ಈ ಜಗ್ಗಾಟ ನಡೆದಿದೆ. ಆರು ತಿಂಗಳ ತರಬೇತಿಯನ್ನು ಕಡ್ಡಾಯಗೊಳಿಸಿದ ನಿಯಮವು ಮೂಲ ಕಾಯ್ದೆಯ ವ್ಯಾಪ್ತಿಯನ್ನು ಮೀರಿದೆಯೆಂದು ದೆಹಲಿ ಹೈಕೋರ್ಟ್ 2016ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ದಾಖಲೆ ನಿರ್ವಹಣೆಯಲ್ಲಿನ ಲೋಪವನ್ನು ಬರಿಯ ಗುಮಾಸ್ತಿಕೆಯ ತಪ್ಪೆಂದು ತಳ್ಳಿಹಾಕಲಾಗದು ಎಂದು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ತ್ರೀರೋಗ ತಜ್ಞರ ಒಕ್ಕೂಟದ ಅರ್ಜಿಯ ಮೇಲೆ ಸ್ಪಷ್ಟಪಡಿಸಿತು. ಈ ಎಲ್ಲ ವಾದಪ್ರತಿವಾದಗಳ ಕೇಂದ್ರದಲ್ಲಿ ಇದ್ದದ್ದು ಭ್ರೂಣ ಮತ್ತು ವೈದ್ಯ. ಕೊರಳಿನ ಗಂಟು ಹೊತ್ತು ಬಂದ ರೋಗಿ ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಯಂತ್ರವಲ್ಲ, ಕೈ ಮುಖ್ಯ

ಹೊಟ್ಟೆಯ ಸ್ಕ್ಯಾನಿಂಗ್ ಬಲ್ಲವರಿಗೆ ಕೊರಳಿನದು ಬಾರದೇ ಎಂದು ಕೇಳುವವರಿದ್ದಾರೆ. ಉತ್ತರ ಭೌತಶಾಸ್ತ್ರದಲ್ಲೇ ಇದೆ. ಹೊಟ್ಟೆಯೊಳಗೆ ಆಳಕ್ಕಿಳಿಯಲು ಬಾಗಿದ ಮೈಯ ಪ್ರೋಬ್‌ನಿಂದ 2ರಿಂದ 5 ಮೆಗಾಹರ್ಟ್ಸ್‌ನ ಶಬ್ದತರಂಗಗಳನ್ನು ಹಾಯಿಸುತ್ತಾರೆ. ಕೊರಳು, ವೃಷಣಗಳಿಗೆ ಬೇಕಾದದ್ದು ಚಪ್ಪಟೆ ಮುಖದ ಪ್ರೋಬ್, 7ರಿಂದ 15 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಕಂಪನ. ಕಂಪನ ಹೆಚ್ಚಿದಂತೆ ಚಿತ್ರ ಸೂಕ್ಷ್ಮವಾಗುತ್ತದೆ. ಆದರೆ ತರಂಗ ಆಳಕ್ಕೆ ಹೋಗದೆ ದಾರಿಯಲ್ಲೇ ಕರಗುತ್ತದೆ. ಸೂಕ್ಷ್ಮತೆ ಮತ್ತು ಆಳ ಎರಡನ್ನೂ ಒಟ್ಟಿಗೆ ಪಡೆಯಲಾಗದು. ಈ ಕೊಡುಕೊಳ್ಳುವಿಕೆಯನ್ನು ಪ್ರತಿ ರೋಗಿಯಲ್ಲೂ ಹೊಸದಾಗಿ ಹೊಂದಿಸಿಕೊಳ್ಳುವುದೇ ಕಲಿಕೆಯ ಮೊದಲ ಮೆಟ್ಟಿಲು.

ಎರಡನೆಯದು ಕೈಯ ಹದ. ಪ್ರೋಬನ್ನು ಲೇಖನಿಯಂತೆ ಹಿಡಿದು, ಕಿರುಬೆರಳನ್ನು ರೋಗಿಯ ಮೈಮೇಲೆ ಊರಿ, ಜೆಲ್‌ನ ಪದರದ ಮೇಲೆ ತೇಲಿಸಿದಂತೆ ನಡೆಸಬೇಕು. ತುಸು ಹೆಚ್ಚು ಒತ್ತಿದರೂ ಮೇಲ್ಮೈಯ ರಕ್ತನಾಳ ಚಪ್ಪಟೆಯಾಗಿ ಕಣ್ಮರೆಯಾಗುತ್ತದೆ. ವೃಷಣದ ರಕ್ತಸಂಚಾರ ಅಳೆಯುವಾಗ ಮೊದಲು ನೋವಿಲ್ಲದ ಬದಿಯಲ್ಲಿ ಡಾಪ್ಲರ್ ಹೊಂದಿಸಿಕೊಂಡು, ನಿಧಾನ ಹರಿವೂ ಕಾಣುತ್ತಿದೆಯೆಂದು ಖಚಿತಪಡಿಸಿಕೊಂಡು, ಬಳಿಕವಷ್ಟೇ ನೋವಿರುವ ಬದಿಗೆ ಹೋಗಬೇಕು. ಇಲ್ಲವಾದರೆ ಹರಿವು ನಿಂತಿದೆಯೋ, ಯಂತ್ರಕ್ಕೆ ಕಾಣುತ್ತಿಲ್ಲವೋ ತಿಳಿಯದು.

ಮೂರನೆಯದು ಮೋಸಹೋಗದ ಕಣ್ಣು. ಥೈರಾಯ್ಡ್‌ನ ಎಡಭಾಗದ ಹಿಂದಿರುವ ಅನ್ನನಾಳ ಹೊಸಬರಿಗೆ ಗಂಟಿನಂತೆ ಕಾಣುತ್ತದೆ. ಒಂದು ಗುಟುಕು ನೀರು ನುಂಗಿಸಿದರೆ ಅದರೊಳಗೆ ಚಲನೆ ಕಂಡು ಸಂಶಯ ಬಗೆಹರಿಯುತ್ತದೆ. ಸ್ತನದ ಹಿಂದಿನ ಪಕ್ಕೆಲುಬಿನ ಮೃದ್ವಸ್ಥಿಯನ್ನು ಗೆಡ್ಡೆಯೆಂದು, ಕೊಬ್ಬಿನ ಉಂಡೆಯನ್ನು ನಾರುಗಂಟೆಂದು ಬರೆಯುವ ಅಪಾಯ ಸದಾ ಇದೆ. ಇವು ಪುಸ್ತಕ ಓದಿ ಕಲಿಯುವಂಥವಲ್ಲ. ಪಕ್ಕದಲ್ಲಿ ನಿಂತ ಗುರು ಕೈಹಿಡಿದು ತಿದ್ದಬೇಕಾದವು.

ಇಲ್ಲಿರುವ ದೊಡ್ಡ ತೊಡಕೆಂದರೆ, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್‌ನಂತೆ ಅಲ್ಟ್ರಾಸೌಂಡ್‌ನ ಪೂರ್ಣ ದಾಖಲೆ ಉಳಿಯುವುದಿಲ್ಲ. ಪರೀಕ್ಷಕರು ಯಾವ ಕೋನದಲ್ಲಿ ನಿಲ್ಲಿಸಿ ಚಿತ್ರ ತೆಗೆದರೋ ಅದಷ್ಟೇ ಉಳಿಯುತ್ತದೆ. ನೋಡದೆ ಬಿಟ್ಟದ್ದನ್ನು ನಂತರ ಯಾವ ತಜ್ಞರೂ ಕಂಡುಹಿಡಿಯಲಾರರು.

ಕಾಣದೆ ಹೋದರೆ ಒಂದು ನಷ್ಟ

ಕಲಿಕೆಯ ಕೊರತೆಯ ಬೆಲೆ ಎಷ್ಟೆಂಬುದನ್ನು ಒಂದು ಉದಾಹರಣೆಯೇ ತಿಳಿಸುತ್ತದೆ. ಹದಿಹರೆಯದ ಹುಡುಗರಲ್ಲಿ ವೃಷಣವು ತನ್ನ ರಕ್ತನಾಳದ ಹುರಿಯ ಸುತ್ತ ತಿರುಚಿಕೊಳ್ಳುವ ತುರ್ತು ಸ್ಥಿತಿಯೊಂದಿದೆ. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಬಹುತೇಕ ಪ್ರಕರಣಗಳಲ್ಲಿ ಅಂಗ ಉಳಿಯುತ್ತದೆ. ಒಂದು ದಿನ ಕಳೆದರೆ ಉಳಿಯುವ ಸಾಧ್ಯತೆ ತೀರಾ ಕಡಿಮೆ. ನುರಿತ ಕಣ್ಣು ವೃಷಣದ ಮೇಲ್ಭಾಗದ ಹುರಿಯಲ್ಲಿ ಸುಳಿಯಂತೆ ಕಾಣುವ ತಿರುಚನ್ನು ನಿಮಿಷಗಳಲ್ಲಿ ಗುರುತಿಸುತ್ತದೆ. ತಿರುಚು ಭಾಗಶಃವಾಗಿದ್ದಾಗ ಅಲ್ಪಸ್ವಲ್ಪ ರಕ್ತಸಂಚಾರ ಉಳಿದಿರಬಹುದು. ಅರೆಕಲಿತವರು ಅದನ್ನು ಕಂಡು 'ಸೋಂಕು' ಎಂದು ಬರೆದು ಮಾತ್ರೆ ಕೊಡಿಸಿ ಕಳುಹಿಸುವ ಸಂಭವವಿದೆ. ಆದ್ದರಿಂದಲೇ ಲಕ್ಷಣಗಳು ಸ್ಪಷ್ಟವಾಗಿದ್ದರೆ ಸ್ಕ್ಯಾನಿಂಗ್‌ಗಾಗಿ ಕಾಯದೆ ಶಸ್ತ್ರಚಿಕಿತ್ಸೆಗೆ ಕಳುಹಿಸಬೇಕೆಂಬುದು ವೈದ್ಯಶಾಸ್ತ್ರದ ಸ್ಥಾಪಿತ ಪಾಠ. ಯಾವಾಗ ಸ್ಕ್ಯಾನ್ ಮಾಡಬಾರದು ಎಂಬುದೂ ಈ ಕಲಿಕೆಯ ಭಾಗವೇ.

ಕರ್ನಾಟಕದ ಮಟ್ಟಿಗೆ ಈ ವಿದ್ಯೆಗೆ ಇನ್ನೂ ಎರಡು ಕಾರಣಗಳಿಗೆ ವಿಶೇಷ ಮಹತ್ವವಿದೆ. ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡು ಜಿಲ್ಲೆಗಳು ಅಯೋಡಿನ್ ಕೊರತೆಯ ಗಳಗಂಡಕ್ಕೆ ಹಿಂದಿನಿಂದಲೂ ಹೆಸರಾದವು. ಕಲಬುರಗಿ, ಬೀದರ್ ಭಾಗ ಮತ್ತು ಕರಾವಳಿ ಆನೆಕಾಲು ರೋಗದ ನೆಲೆಗಳೆಂದು ಗುರುತಾಗಿದ್ದವು. ಈ ರೋಗದ ಹುಳುಗಳು ವೃಷಣಚೀಲದ ದುಗ್ಧನಾಳಗಳಲ್ಲಿ ಜೀವಂತವಾಗಿ ನುಲಿಯುವುದನ್ನು ಅಲ್ಟ್ರಾಸೌಂಡ್‌ನಲ್ಲಿ ನೇರವಾಗಿ ಕಾಣಬಹುದೆಂದು 1994ರಲ್ಲಿ ಬ್ರೆಜಿಲ್‌ನ ಸಂಶೋಧಕರು ವರದಿ ಮಾಡಿದರು. ವೈದ್ಯಲೋಕ ಅದಕ್ಕೆ 'ಫೈಲೇರಿಯಾ ನೃತ್ಯ' ಎಂದೇ ಹೆಸರಿಟ್ಟಿದೆ. ಕಾಲು ಊದಿ ಅಂಗವಿಕಲತೆ ಬರುವ ಮುನ್ನವೇ ಸಿಗಬಹುದಾದ ಈ ಸುಳಿವು, ಅದನ್ನು ಹಿಂದೆಂದೂ ಕಂಡಿರದ ಕಣ್ಣಿಗೆ ಪರದೆಯ ಮೇಲಿನ ಅರ್ಥವಿಲ್ಲದ ಮಿಣುಕು ಮಾತ್ರ.

ಅತಿಯಾಗಿ ಕಂಡರೆ ಇನ್ನೊಂದು

ಹಾಗಾದರೆ ಎಲ್ಲರಿಗೂ ಯಂತ್ರ ಕೊಟ್ಟು ಎಲ್ಲರ ಕೊರಳನ್ನೂ ತಪಾಸಣೆ ಮಾಡಿಸಿದರೆ ಸಮಸ್ಯೆ ಬಗೆಹರಿದೀತೇ? ಈ ಪ್ರಯೋಗ ಅರಿವಿಲ್ಲದೆಯೇ ದಕ್ಷಿಣ ಕೊರಿಯಾದಲ್ಲಿ ನಡೆದುಹೋಗಿದೆ. ಅಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮ ಆರಂಭವಾಯಿತು. ಥೈರಾಯ್ಡ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಆಸ್ಪತ್ರೆಗಳು ಅಲ್ಪ ಶುಲ್ಕಕ್ಕೆ ಕೊರಳಿನ ಸ್ಕ್ಯಾನಿಂಗನ್ನೂ ಸೇರಿಸಿ ಕೊಡತೊಡಗಿದವು. 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಎಂದು ಹೇಳಲಾಯಿತು. ಈ ರೋಗದಿಂದ ಸಾಯುವವರ ಸಂಖ್ಯೆ ಮಾತ್ರ ವರ್ಷಕ್ಕೆ 300ರಿಂದ 400ರ ಆಸುಪಾಸಿನಲ್ಲೇ ನಿಂತಿತ್ತು.

ಅಂದರೆ ಪತ್ತೆಯಾದವುಗಳಲ್ಲಿ ಬಹುಪಾಲು, ಬದುಕಿನುದ್ದಕ್ಕೂ ತೊಂದರೆ ಕೊಡದೆ ಸುಮ್ಮನಿರುತ್ತಿದ್ದ ಸಣ್ಣ ಗಂಟುಗಳು. ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ 11ರಷ್ಟು ಮಂದಿಗೆ ಕ್ಯಾಲ್ಸಿಯಂ ನಿಯಂತ್ರಿಸುವ ಗ್ರಂಥಿಗಳ ಊನ, ಶೇ 2ರಷ್ಟು ಮಂದಿಗೆ ಧ್ವನಿತಂತುವಿನ ಪಾರ್ಶ್ವವಾಯು ಉಂಟಾಯಿತೆಂದು 2014ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ ಲೇಖನ ದಾಖಲಿಸಿತು. ಅದೇ ವರ್ಷ ಅಲ್ಲಿನ ವೈದ್ಯರ ಗುಂಪೊಂದು ಆರೋಗ್ಯವಂತರ ಕೊರಳು ತಪಾಸಣೆ ನಿಲ್ಲಿಸಿರೆಂದು ಬಹಿರಂಗವಾಗಿ ಕರೆಕೊಟ್ಟ ಮೇಲೆ ಒಂದು ವರ್ಷದಲ್ಲೇ ಶಸ್ತ್ರಚಿಕಿತ್ಸೆಗಳು ಮೂರನೇ ಒಂದರಷ್ಟು ಇಳಿದವು. ರೋಗಲಕ್ಷಣವಿಲ್ಲದವರಿಗೆ ಈ ತಪಾಸಣೆ ಬೇಡವೆಂದು 2017ರಲ್ಲಿ ಅಮೆರಿಕದ ತಜ್ಞ ಕಾರ್ಯಪಡೆಯೂ ಶಿಫಾರಸು ಮಾಡಿತು.

ಅದೇ 2017ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಗಂಟುಗಳಿಗೆ ಅಂಕ ಕೊಡುವ 'ಟೈ-ರಾಡ್ಸ್' ಪದ್ಧತಿಯನ್ನು ಹೊರತಂದಿತು. ಗಂಟಿನ ಒಳರಚನೆ, ಹೊಳಪು, ಆಕಾರ, ಅಂಚು, ಒಳಗಿನ ಬಿಳಿಚುಕ್ಕೆ ಎಂಬ ಐದು ಲಕ್ಷಣಗಳಿಗೆ ಅಂಕ ಸೇರಿಸಿ ಒಂದರಿಂದ ಐದರವರೆಗೆ ದರ್ಜೆ ನೀಡಲಾಗುತ್ತದೆ. ಅತ್ಯಂತ ಸಂಶಯಾಸ್ಪದ ಐದನೇ ದರ್ಜೆಯಾದರೂ ಗಂಟು ಒಂದು ಸೆಂಟಿಮೀಟರ್ ತಲುಪುವವರೆಗೆ ಸಾಮಾನ್ಯವಾಗಿ ಸೂಜಿ ಪರೀಕ್ಷೆ ಬೇಡ. ಮೂರನೇ ದರ್ಜೆಯದಾದರೆ ಎರಡೂವರೆ ಸೆಂಟಿಮೀಟರ್‌ವರೆಗೆ ಕಾಯಬಹುದು. ಅನಗತ್ಯ ಸೂಜಿ, ಅನಗತ್ಯ ಕತ್ತರಿ ತಪ್ಪಿಸುವುದೇ ಇದರ ಉದ್ದೇಶ. ಆದರೆ ಅಂಕ ಕೊಡಲು ಮೊದಲು ಆ ಐದೂ ಲಕ್ಷಣಗಳನ್ನು ಸರಿಯಾಗಿ ಕಾಣಬೇಕು. ಅಡ್ಡಕ್ಕಿಂತ ಎತ್ತರವಾಗಿರುವ ಗಂಟಿಗೆ ಒಮ್ಮೆಲೇ ಮೂರು ಅಂಕ. ಪ್ರೋಬ್ ಓರೆಯಾದರೆ ಆ ಅಳತೆಯೇ ತಪ್ಪುತ್ತದೆ. 'ಥೈರಾಯ್ಡ್‌ನಲ್ಲಿ ಗಂಟು ಇದೆ, ತಜ್ಞರನ್ನು ಕಾಣಿರಿ' ಎಂಬ ಒಂದು ಸಾಲಿನ ವರದಿ ರೋಗಿಗೆ ಕೊಡುವುದು ಭಯವನ್ನು ಮಾತ್ರ. ಆರೋಗ್ಯ ತಪಾಸಣೆಯ ಪ್ಯಾಕೇಜುಗಳು ಎಗ್ಗಿಲ್ಲದೆ ಮಾರಾಟವಾಗುವ ಬೆಂಗಳೂರಿನಂಥ ನಗರಗಳಿಗೆ ಕೊರಿಯಾದ ಪಾಠ ದೂರದ್ದಲ್ಲ.

ಬೇರೆಡೆ ಕಲಿಸುವುದು ಹೇಗೆ?

ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪ್ರೋಬ್ ಹಿಡಿಯುವವರು ಬಹಳಷ್ಟು ಬಾರಿ ವೈದ್ಯರಲ್ಲ, ಅದಕ್ಕೆಂದೇ ಓದಿ ಪರೀಕ್ಷೆ ಪಾಸಾದ ಸೋನೋಗ್ರಾಫರುಗಳು. ಭಾರತದಲ್ಲಿ ಲಿಂಗಪತ್ತೆಯ ಭೀತಿಯಿಂದಾಗಿ ಆ ದಾರಿ ತೆರೆದಿಲ್ಲ. ಆದರೆ ಬ್ರಿಟನ್ನಿನ ಇನ್ನೊಂದು ಪದ್ಧತಿಯಿಂದ ಕಲಿಯಲು ಅಡ್ಡಿಯಿಲ್ಲ. ರೇಡಿಯಾಲಜಿಯ ಹೊರಗಿನ ವೈದ್ಯರು ಮತ್ತು ಶಸ್ತ್ರಚಿಕಿತ್ಸಕರಿಗಾಗಿ ಅಲ್ಲಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ 2005ರಲ್ಲೇ ತರಬೇತಿ ಶಿಫಾರಸುಗಳನ್ನು ಹೊರಡಿಸಿ, ಅಂಗವಾರು ಪಾಠಗಳನ್ನೂ ಮೂರು ಹಂತಗಳನ್ನೂ ಗುರುತಿಸಿತು. ಸ್ತನ ಕಲಿತವರು ಸ್ತನವನ್ನಷ್ಟೇ ನೋಡುತ್ತಾರೆ. ಎಷ್ಟು ಪರೀಕ್ಷೆಗಳನ್ನು ಯಾರ ಮೇಲ್ವಿಚಾರಣೆಯಲ್ಲಿ ಮಾಡಿದರೆಂಬುದಕ್ಕೆ ದಾಖಲೆ ಪುಸ್ತಕ ಇರುತ್ತದೆ.

ಅಭ್ಯಾಸಕ್ಕೆ ದುಬಾರಿ ಸಲಕರಣೆಗಳೇ ಬೇಕೆಂದಿಲ್ಲ. ಕೋಳಿಯ ಎದೆಮಾಂಸದೊಳಗೆ ಬಟಾಣಿ, ದ್ರಾಕ್ಷಿ ಹುದುಗಿಸಿ, ಪರದೆ ನೋಡುತ್ತಾ ಸೂಜಿಯ ತುದಿಯನ್ನು ಗುರಿಮುಟ್ಟಿಸುವ ಅಭ್ಯಾಸ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಮೊದಲ ತಪ್ಪುಗಳು ರೋಗಿಯ ಕೊರಳಿನ ಮೇಲಲ್ಲದೆ ಮಾಂಸದ ತುಂಡಿನ ಮೇಲೆ ಆಗಲಿ ಎಂಬುದು ಇದರ ಹಿಂದಿನ ಸರಳ ವಿವೇಕ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಗಂಟುಗಳಿಗೆ ದರ್ಜೆ ಸೂಚಿಸಲು ಬಂದಿವೆಯಾದರೂ ಅವು ಅಳೆಯುವುದು ಕೈ ತೋರಿಸಿದ ಚಿತ್ರವನ್ನು. ಕೈ ತೋರಿಸದ ಗಂಟು ಅವುಗಳಿಗೂ ಕಾಣದು.

ಮುಂದಿನ ದಾರಿ

ಕಾನೂನಿನ ಬಿಗಿ ಮತ್ತು ಕಲಿಕೆಯ ಅಗತ್ಯ ಪರಸ್ಪರ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ಚಪ್ಪಟೆ ಪ್ರೋಬ್‌ನ ಹೆಚ್ಚಿನ ಕಂಪನ ಗರ್ಭದ ಆಳಕ್ಕೆ ತಲುಪುವುದು ಸುಲಭವಲ್ಲ ಎಂಬುದನ್ನು ಮುಂದಿಟ್ಟು, ಅಂಥ ಯಂತ್ರಗಳಿಗೆ ವಿನಾಯಿತಿ ಕೊಡಬಹುದೆಂದು ವಾದಿಸುವವರಿದ್ದಾರೆ. ಆದರೆ ಬಹುತೇಕ ಯಂತ್ರಗಳಲ್ಲಿ ಒಂದು ಪ್ರೋಬ್ ಕಳಚಿ ಇನ್ನೊಂದನ್ನು ಸಿಕ್ಕಿಸಲು ಅರ್ಧ ನಿಮಿಷ ಸಾಕು. ಆಲೆಮನೆಯನ್ನು ಕಂಡ ರಾಜ್ಯಕ್ಕೆ ಈ ಅರ್ಧ ನಿಮಿಷದ ಅರ್ಥ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನೋಂದಣಿ ಹಾಗೆಯೇ ಇರಲಿ; ಚಪ್ಪಟೆ ಪ್ರೋಬ್ ಬಿಟ್ಟು ಬೇರೊಂದನ್ನು ಒಪ್ಪದ ಯಂತ್ರಗಳನ್ನು ತಯಾರಕರು ಕೊಡಬಲ್ಲರಾದರೆ ಆಗ ವಿನಾಯಿತಿಯ ಮಾತು ಚರ್ಚೆಗೆ ಬರಲಿ.

ಈಗಲೇ ಮಾಡಬಹುದಾದದ್ದು ಬೇರೆ. 2014ರ ನಿಯಮಾವಳಿ ತಾನು ಕಲಿಸುವುದು ಮೊದಲ ಹಂತವನ್ನೆಂದು ಹೆಸರಿನಲ್ಲೇ ಒಪ್ಪಿಕೊಂಡಿದೆ. ಅದರ ಮುಂದುವರಿಕೆಯಾಗಿ ಕೊರಳು, ಸ್ತನ, ವೃಷಣಗಳಿಗೆ ಅಂಗವಾರು ಪಾಠಗಳನ್ನು, ಮೇಲ್ವಿಚಾರಣೆಯಲ್ಲಿ ಮಾಡಿದ ಪರೀಕ್ಷೆಗಳ ದಾಖಲೆ ಪುಸ್ತಕವನ್ನು, ಪ್ರಾಯೋಗಿಕ ಪರೀಕ್ಷೆಯನ್ನು ರೂಪಿಸುವುದಕ್ಕೆ ಲಿಂಗಪತ್ತೆ ತಡೆಯ ಒಂದು ಅಕ್ಷರವನ್ನೂ ಅಳಿಸಬೇಕಾಗಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಸಂಸ್ಥೆ ಹೊಂದಿರುವ ಕರ್ನಾಟಕ ಇದರಲ್ಲಿ ಮೊದಲ ಹೆಜ್ಜೆ ಇಡಬಹುದು. ಜಿಲ್ಲಾಸ್ಪತ್ರೆಗಳ ರೇಡಿಯಾಲಜಿಸ್ಟ್‌ಗಳು ತಾಲ್ಲೂಕಿನ ವೈದ್ಯರಿಗೆ ಗುರುಗಳಾಗಬಹುದು. ವರದಿಯಲ್ಲಿ ಗಂಟಿನ ದರ್ಜೆ, ಮೂರು ಅಳತೆ, ಮುಂದೇನು ಮಾಡಬೇಕೆಂಬ ಸಲಹೆ ಕಡ್ಡಾಯವಾಗಬಹುದು.

ಕಾಯ್ದೆ ಜಾರಿಯಾಗಿ ಮೂರು ದಶಕಗಳಾದರೂ ಸ್ಕ್ಯಾನಿಂಗ್ ಕುರಿತ ಸಾರ್ವಜನಿಕ ಚರ್ಚೆ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಪ್ರೋಬ್ ಹಿಡಿದವರು ನಂಬಿಕೆಗೆ ಅರ್ಹರೇ? ಹುಟ್ಟಬೇಕಾದ ಹೆಣ್ಣುಮಗುವಿನ ಪರವಾಗಿ ಆ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳುತ್ತಲೇ ಇರಬೇಕು. ಹುಟ್ಟಿ ಬೆಳೆದು, ನಲವತ್ತರ ವಯಸ್ಸಿನಲ್ಲಿ ಕೊರಳಿನ ಗಂಟು ಮುಟ್ಟಿಕೊಂಡು ಬೆಂಚಿನ ಮೇಲೆ ಕುಳಿತಿರುವ ಹೆಣ್ಣುಮಗಳಿಗೂ ಒಂದು ಪ್ರಶ್ನೆಯಿದೆ: ಪ್ರೋಬ್ ಹಿಡಿದವರು ಇದನ್ನು ಕಲಿತಿದ್ದಾರೆಯೇ? ಅದಕ್ಕೆ ಉತ್ತರ ಕೊಡುವ ಹೊಣೆ ಸರ್ಕಾರದ್ದು, ವಿಶ್ವವಿದ್ಯಾಲಯಗಳದ್ದು.